ಎರಡನೆಯ ಏಟಿಗೆ ಊದಿದ ಸೀಟಿ

ನನಗೆ ಫುಟ್‌ಬಾಲ್ ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಓದುವ ನಿಮಗೂ ಬರೆಯುವ ನನಗೂ ಅನುಕೂಲ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಲೇ ಕೂದಲು ನರೆಸಿಕೊಂಡವಳು ನಾನು. ಆಫ್‌ಸೈಡ್ ಎಂದರೇನೆಂದು ಹುಡುಗರು ಎಷ್ಟು ಸಲ ಹೇಳಿಕೊಟ್ಟರೂ ಮರುದಿನಕ್ಕೆ ಮರೆತಿರುತ್ತದೆ. ಹೀಗಿದ್ದೂ ಇಬ್ಬರು ಫುಟ್‌ಬಾಲಿನವರ ಆತ್ಮಕಥೆಗಳ ಬಗ್ಗೆ ನಾಲ್ಕು ಮಾತು ಬರೆಯಲು ಕುಳಿತಿದ್ದೇನೆ. ಅದಕ್ಕೆ ಕಾರಣ ಆಟವಲ್ಲ, ಒಂದು ಸೀಟಿ.

ನನ್ನ ತಂಗಿಯ ಮಗ ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದಾನೆ. ಎರಡು ವರ್ಷಕ್ಕೊಮ್ಮೆ ಊರಿಗೆ ಬರುವಾಗ ಚಾಕಲೇಟಿನ ಜೊತೆಗೆ ಅಲ್ಲಿನ ಹಳೆ ಪುಸ್ತಕದಂಗಡಿಗಳಲ್ಲಿ ಸಿಕ್ಕಿದ್ದನ್ನೂ ಹೊತ್ತು ತರುತ್ತಾನೆ. ಕಳೆದ ಸಲದ ಕಟ್ಟಿನಲ್ಲಿ ಎರಡು ಫುಟ್‌ಬಾಲ್ ಪುಸ್ತಕಗಳಿದ್ದವು. "ದೊಡ್ಡಮ್ಮ, ನೀನೂ ಒಂದು ಕಾಲಕ್ಕೆ ರೆಫರಿ ಆಗಿದ್ದೆಯಂತಲ್ಲ, ಓದು" ಎಂದು ನಗುತ್ತ ಕೊಟ್ಟ. ಒಂದು, ಬ್ರಯಾನ್ ಕ್ಲಫ್ ಎಂಬ ಹೆಸರಾಂತ ಮ್ಯಾನೇಜರ್ 1994ರಲ್ಲಿ ಪ್ರಕಟಿಸಿದ ಆತ್ಮಕಥೆ. ಇನ್ನೊಂದು, ಗ್ರೇಮ್ ಲೆ ಸೋ ಎಂಬ ಆಟಗಾರನ 'ಲೆಫ್ಟ್ ಫೀಲ್ಡ್', 2007ರದು. ನಿಘಂಟು ಪಕ್ಕದಲ್ಲಿಟ್ಟುಕೊಂಡು ಒಂದು ಬೇಸಿಗೆ ರಜೆಯಲ್ಲಿ ಎರಡನ್ನೂ ಓದಿದೆ. ಅವನು ತಮಾಷೆಗೆ ಅಂದ ಆ ರೆಫರಿಗಿರಿಯ ಸಂಗತಿ ಓದುತ್ತ ಓದುತ್ತ ತಮಾಷೆಯಾಗಿ ಉಳಿಯಲಿಲ್ಲ. ಅದನ್ನೇ ಮೊದಲು ಹೇಳುತ್ತೇನೆ.

2003ರ ಡಿಸೆಂಬರ್. ವಾರ್ಷಿಕ ಕ್ರೀಡಾಕೂಟಕ್ಕೆ ಎರಡು ದಿನ ಇರುವಾಗ ನಮ್ಮ ಪಿ.ಟಿ. ಮೇಷ್ಟ್ರಿಗೆ ಜ್ವರ ಬಂತು. ಒಂಬತ್ತನೆಯ ತರಗತಿಯ ಎ ಮತ್ತು ಬಿ ವಿಭಾಗಗಳ ಫುಟ್‌ಬಾಲ್ ಪಂದ್ಯ ಬಾಕಿ ಇತ್ತು. ಹೆಡ್‌ಮಾಸ್ಟರು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಮೇಡಂ, ನೀವು ಒಂದು ಗಂಟೆ ಸುಮ್ಮನೆ ಸೀಟಿ ಹಿಡಿದುಕೊಂಡು ನಿಂತರೆ ಸಾಕು, ಆಟ ಹುಡುಗರೇ ಆಡಿಕೊಳ್ಳುತ್ತಾರೆ" ಎಂದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟೆ.

ಎ ವಿಭಾಗದ ಗೋಲಿನಲ್ಲಿ ನಿಂತಿದ್ದವನು ಸಣ್ಣ ಮೈಕಟ್ಟಿನ, ಮೆಲುಮಾತಿನ ಹುಡುಗ. ಮುತ್ತು ಪೋಣಿಸಿದಂಥ ಅಕ್ಷರ. ಶಾರದಾ ಪೂಜೆಯ ದಿನ ಹುಡುಗಿಯರ ಜೊತೆ ತಾನೂ ಕುಳಿತು ರಂಗೋಲಿಯ ಎಳೆ ಎಳೆಯುತ್ತಿದ್ದ. ಗೋಲಿನ ಮುಂದೆ ಮಾತ್ರ ಅವನು ಬೇರೆಯೇ. ಚೆಂಡು ಅವನ ಕೈ ತಪ್ಪಿ ಹೋಗುವುದು ಅಪರೂಪ. ಅಂದು ಬಿ ವಿಭಾಗದವರು ಒಂದೂ ಗೋಲು ಹೊಡೆಯಲಾರದೆ ಹೊಟ್ಟೆ ಉರಿಸಿಕೊಂಡು ಬಾಯಿಗೆ ಕೆಲಸ ಕೊಟ್ಟರು. "ಲೇ ಹೆಣ್ಣಿಗ" ಎಂದು ಶುರುವಾಯಿತು. ಗೆರೆಯಾಚೆ ಕುಳಿತ ಹುಡುಗರೂ ಅದನ್ನು ಎತ್ತಿಕೊಂಡು ಚಪ್ಪಾಳೆಗೆ ಹೊಂದಿಸಿದರು. ನನಗೆ ಚೆನ್ನಾಗಿಯೇ ಕೇಳಿಸುತ್ತಿತ್ತು. ಅಂದು ಮೊದಲ ಸಲ ಕೇಳಿದ್ದೂ ಅಲ್ಲ. ವರಾಂಡದಲ್ಲಿ, ಸೈಕಲ್ ಸ್ಟ್ಯಾಂಡಿನಲ್ಲಿ ಜೂನ್ ತಿಂಗಳಿಂದ ಕೇಳುತ್ತಿದ್ದ ಮಾತೇ. ಹುಡುಗರಲ್ಲವೇ ಎಂದುಕೊಂಡು ಚೆಂಡಿನ ಕಡೆ ನೋಡುತ್ತಿದ್ದೆ.

ಪಂದ್ಯ ಮುಗಿಯಲು ಹತ್ತು ನಿಮಿಷ ಇದ್ದಾಗ ಎದುರು ತಂಡದ ಹುಡುಗನೊಬ್ಬ ಅವನ ಹತ್ತಿರ ಹೋಗಿ ಮಣಿಕಟ್ಟು ಹಿಡಿದೆಳೆದು, "ಬಳೆ ಯಾವಾಗ ತೊಟ್ಕೋತೀಯೋ?" ಎಂದ. ಇವನು ಮುಷ್ಟಿ ಬಿಗಿದು ಮುಖಕ್ಕೆ ಗುದ್ದಿದ. ಮೂಗಿನಿಂದ ರಕ್ತ ಬಂತು. ನಾನು ಜೋರಾಗಿ ಸೀಟಿ ಊದಿದೆ. ಗುದ್ದಿದವನನ್ನು ಆಟದಿಂದ ಹೊರಗೆ ಕಳಿಸಿದೆ. ಮರುದಿನ ಸ್ಟಾಫ್ ರೂಮಿಗೆ ಕರೆಸಿ ಕ್ಷಮಾಪಣೆ ಪತ್ರ ಬರೆಸಿದೆ. ಬರೆಯುತ್ತ ಬರೆಯುತ್ತ ಅವನು ತಲೆಯೆತ್ತಿ, "ಅವನು ಅಂದದ್ದನ್ನೂ ಬರೀಲಾ ಮೇಡಂ?" ಎಂದು ಕೇಳಿದ. "ಅದೆಲ್ಲ ಬೇಡ. ನೀನು ಮಾಡಿದ್ದಷ್ಟೇ ಬರಿ" ಎಂದೆ. ಅವನ ತಾಯಿ ಬಂದು, ಕಾರಣವನ್ನೂ ಕೇಳದೆ, ನನ್ನೆದುರು ಕೈಕಟ್ಟಿ ನಿಂತು ಹೋದರು. ಆ ಹುಡುಗ ಮತ್ತೆ ಮೈದಾನಕ್ಕೆ ಬರಲಿಲ್ಲ. ಹತ್ತನೆಯದನ್ನು ಫಸ್ಟ್ ಕ್ಲಾಸಿನಲ್ಲಿ ಪಾಸು ಮಾಡಿ ಹೋದ. ಶಿಸ್ತು ಕಾಪಾಡಿದ ಸಮಾಧಾನದಲ್ಲಿ ನಾನು ಎಲ್ಲವನ್ನೂ ಮರೆತೆ.

ಇನ್ನು ಪುಸ್ತಕಗಳಿಗೆ ಬರೋಣ.

ಕ್ಲಫ್ ಸಾಮಾನ್ಯ ಮನುಷ್ಯನಲ್ಲ. ನಾಟಿಂಗ್‌ಹ್ಯಾಮ್ ಫಾರೆಸ್ಟ್ ಎಂಬ ಅಷ್ಟೇನೂ ದೊಡ್ಡದಲ್ಲದ ಕ್ಲಬ್ಬನ್ನು 1979 ಮತ್ತು 1980ರಲ್ಲಿ, ಎರಡು ವರ್ಷ ಒಂದಾದ ಮೇಲೊಂದರಂತೆ, ಯುರೋಪಿಯನ್ ಕಪ್ ಗೆಲ್ಲಿಸಿದವನು. ಬರವಣಿಗೆಯೂ ಮನುಷ್ಯನಂತೆಯೇ, ಖಾರವಾಗಿ, ಲವಲವಿಕೆಯಿಂದ ಕೂಡಿದೆ. ನಾನು ಎಷ್ಟೋ ಕಡೆ ನಕ್ಕಿದ್ದೇನೆ. ಹಾಗೆ ನಗುತ್ತಿರುವಾಗಲೇ ಜಸ್ಟಿನ್ ಫಶಾನು ಎಂಬ ಹುಡುಗನ ಪ್ರಸಂಗ ಬರುತ್ತದೆ.

ಈ ಫಶಾನು 1961ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವನು. ತಂದೆ ನೈಜೀರಿಯಾದವರು, ತಾಯಿ ಗಯಾನಾದವರು. ತಂದೆತಾಯಿ ಬೇರೆಯಾದ ಮೇಲೆ ಅವನೂ ತಮ್ಮ ಜಾನ್‌ನೂ ಅನಾಥಾಲಯ ಸೇರಿ, ಅಲ್ಲಿಂದ ನಾರ್ಫೋಕ್ ಜಿಲ್ಲೆಯ ಒಂದು ಹಳ್ಳಿಯಲ್ಲಿ ಬಿಳಿಯ ದಂಪತಿಗಳ ಸಾಕುಮಕ್ಕಳಾಗಿ ಬೆಳೆದರು. 1980ರ ಫೆಬ್ರವರಿಯಲ್ಲಿ, ಇನ್ನೂ ಹತ್ತೊಂಬತ್ತು ತುಂಬುವ ಮುನ್ನ, ನಾರ್ವಿಚ್ ತಂಡದ ಪರವಾಗಿ ಲಿವರ್‌ಪೂಲ್ ವಿರುದ್ಧ ಅವನು ಹೊಡೆದ ಗೋಲು ಬಿಬಿಸಿಯವರ ಆ ವರ್ಷದ ಅತ್ಯುತ್ತಮ ಗೋಲಾಯಿತು. ತಂಗಿಯ ಮಗ ಅದನ್ನು ಫೋನಿನಲ್ಲಿ ತೋರಿಸಿದ. ಗೋಲಿಗೆ ಬೆನ್ನು ಮಾಡಿ ನಿಂತವನು ಚೆಂಡನ್ನು ಕಾಲ ತುದಿಯಲ್ಲಿ ಮೇಲೆತ್ತಿ, ಗರ್ರನೆ ತಿರುಗಿ ಎಡಗಾಲಿನಲ್ಲಿ ಹೊಡೆಯುತ್ತಾನೆ. ಆಫ್‌ಸೈಡ್ ತಿಳಿಯದ ನನಗೂ ಮೈ ಜುಮ್ಮೆಂದಿತು. 1981ರಲ್ಲಿ ಕ್ಲಫ್ ಅವನನ್ನು ಹತ್ತು ಲಕ್ಷ ಪೌಂಡು ಕೊಟ್ಟು ಕೊಂಡ. ಅಷ್ಟು ಬೆಲೆ ಪಡೆದ ಮೊದಲ ಕರಿಯ ಆಟಗಾರ ಅವನೇ.

ಹುಡುಗ ರಾತ್ರಿ ಹೊತ್ತು ಸಲಿಂಗಿ ಗಂಡಸರು ಸೇರುವ ಕ್ಲಬ್ಬಿಗೆ ಹೋಗುತ್ತಾನೆಂಬ ಸುದ್ದಿ ಕ್ಲಫ್‌ನ ಕಿವಿಗೆ ಬಿತ್ತು. ಕರೆದು ಕೂರಿಸಿ ಪ್ರಶ್ನೆ ಹಾಕಿದ್ದನ್ನು ಅವನೇ ಬರೆದುಕೊಂಡಿದ್ದಾನೆ. ಬ್ರೆಡ್ಡು ಬೇಕಾದರೆ ಎಲ್ಲಿಗೆ ಹೋಗುತ್ತೀ, ಮಾಂಸ ಬೇಕಾದರೆ ಎಲ್ಲಿಗೆ ಹೋಗುತ್ತೀ ಎಂದು ಒಂದೊಂದಾಗಿ ಕೇಳುತ್ತಾನೆ. ಹುಡುಗ ಬೇಕರಿ, ಕಟುಕನ ಅಂಗಡಿ ಎಂದು ಉತ್ತರ ಕೊಡುತ್ತಾನೆ. ಹಾಗಾದರೆ ಆ ಕ್ಲಬ್ಬಿಗೆ ಏಕೆ ಹೋಗುತ್ತೀ ಎಂಬುದು ಮೂರನೆಯ ಪ್ರಶ್ನೆ. ಕ್ಲಬ್ಬಿನ ಹೆಸರಿನ ಹಿಂದೆ ಒಂದು ಹೊಲಸು ಬೈಗುಳವೂ ಇದೆ.

ಬಿ.ಎಡ್. ಮಾಡಿದವರಿಗೆ ಈ ವಿಧಾನ ಗೊತ್ತು. ನಮಗೆ ಪ್ರಶ್ನೋತ್ತರ ಪದ್ಧತಿ ಎಂದು ಕಲಿಸಿದ್ದಾರೆ. ಗೊತ್ತಿರುವುದರಿಂದ ಗೊತ್ತಿಲ್ಲದ್ದರ ಕಡೆಗೆ ಮಗುವನ್ನು ಕೈಹಿಡಿದು ನಡೆಸುವುದು ಅದರ ಉದ್ದೇಶ. ಇಲ್ಲಿ ಅದು ಇಲಿಬೋನಿಗೆ ಇಟ್ಟ ಒಣಕೊಬ್ಬರಿ. ಪ್ರಶ್ನೆ ಕೇಳುವವನಿಗೆ ಉತ್ತರ ಬೇಕಾಗಿಲ್ಲ, ಎದುರಿನವನ ತಲೆ ತಗ್ಗಬೇಕು. ಇಪ್ಪತ್ತು ವರ್ಷದ ಹುಡುಗ ಏನು ಹೇಳಿಯಾನು? ಭುಜ ಕುಣಿಸಿ ಸುಮ್ಮನಾದನಂತೆ. ಆ ಮೇಲೆ ಅವನನ್ನು ಅಭ್ಯಾಸಕ್ಕೆ ಬರಬೇಡವೆಂದರು. ಬಂದಾಗ ಪೊಲೀಸರನ್ನು ಕರೆಸಿ ಹೊರಗೆ ಕಳಿಸಿದರು. ನಾರ್ವಿಚ್‌ನಲ್ಲಿ 90 ಲೀಗ್ ಪಂದ್ಯಗಳಲ್ಲಿ 35 ಗೋಲು ಹೊಡೆದವನು ಫಾರೆಸ್ಟ್‌ನಲ್ಲಿ 32 ಪಂದ್ಯಗಳಲ್ಲಿ ಹೊಡೆದದ್ದು ಮೂರು. ಹತ್ತು ಲಕ್ಷಕ್ಕೆ ಕೊಂಡವನನ್ನು 1982ರ ಕೊನೆಗೆ ಒಂದೂವರೆ ಲಕ್ಷಕ್ಕೆ ಪಕ್ಕದ ಕ್ಲಬ್ಬಿಗೆ ಮಾರಿದರು.

ಆಟಗಾರ ಆಡಲಿಲ್ಲ, ಮ್ಯಾನೇಜರ್ ಮಾರಿದ ಎಂದು ಲೆಕ್ಕದ ಪುಸ್ತಕ ಹೇಳುತ್ತದೆ. ನನ್ನ ತಕರಾರು ಇರುವುದು ಕ್ಲಫ್‌ನ ನಿರೂಪಣೆಯ ಬಗ್ಗೆ. ಇಡೀ ಪುಸ್ತಕದಲ್ಲಿ ಆ ಪ್ರಸಂಗಕ್ಕೆ ಸಿಕ್ಕಿರುವ ಜಾಗ ಚಿಕ್ಕದು. ಅದನ್ನೂ ಒಂದು ಚಟಾಕಿಯಂತೆ ಜೋಡಿಸಲಾಗಿದೆ. ಓದುಗ ಮ್ಯಾನೇಜರನ ಕುರ್ಚಿಯಲ್ಲಿ ಕುಳಿತು ನಗಬೇಕು. ಎದುರಿನ ಕುರ್ಚಿಯಿಂದ ಆ ಕೋಣೆ ಹೇಗೆ ಕಂಡಿತು ಎಂಬುದಕ್ಕೆ ಒಂದು ವಾಕ್ಯವೂ ಇಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆ ನಮ್ಮಲ್ಲಿದೆ. ಬೆಕ್ಕು ಆತ್ಮಕಥೆ ಬರೆದರೆ ಅದರಲ್ಲಿ ಚೆಲ್ಲಾಟವಷ್ಟೇ ಇರುತ್ತದೆ.

ಫಶಾನು ತನ್ನ ಆತ್ಮಕಥೆ ಬರೆಯಲಿಲ್ಲ. 1990ರ ಅಕ್ಟೋಬರ್ 22ರಂದು 'ದಿ ಸನ್' ಪತ್ರಿಕೆಯ ಮೂಲಕ ತಾನು ಸಲಿಂಗಿ ಎಂದು ಲೋಕಕ್ಕೆ ಹೇಳಿದ. ಇಂಗ್ಲೆಂಡಿನಲ್ಲಿ ಹಾಗೆ ಹೇಳಿದ ಮೊದಲ ವೃತ್ತಿಪರ ಆಟಗಾರ. ಹಣ ತೆಗೆದುಕೊಂಡೇ ಹೇಳಿದ, ಜೊತೆಗೆ ಇಲ್ಲದ್ದನ್ನೂ ಸೇರಿಸಿ ಹೇಳಿದ ಎಂಬುದೂ ನಿಜ. ಒಡಹುಟ್ಟಿದ ಜಾನ್, ತಾನೂ ದೊಡ್ಡ ಆಟಗಾರನಾಗಿದ್ದವನು, ಕರಿಯರ ಪತ್ರಿಕೆಯೊಂದರಲ್ಲಿ ಅಣ್ಣನನ್ನು ಜಾತಿಯಿಂದ ಹೊರಗಿಟ್ಟಂತೆ ಮಾತಾಡಿದ. ಫಶಾನು ಆಮೇಲೆ ಸಣ್ಣಪುಟ್ಟ ಕ್ಲಬ್ಬುಗಳಲ್ಲಿ ಆಡುತ್ತ ಅಮೆರಿಕ ಸೇರಿದ. 1998ರಲ್ಲಿ ಅಲ್ಲಿ ಹದಿನೇಳು ವರ್ಷದ ಹುಡುಗನೊಬ್ಬ ಅವನ ಮೇಲೆ ಲೈಂಗಿಕ ದೌರ್ಜನ್ಯದ ದೂರು ಕೊಟ್ಟ. ಫಶಾನು ಇಂಗ್ಲೆಂಡಿಗೆ ಮರಳಿ, ಮೇ ತಿಂಗಳ ಆರಂಭದಲ್ಲಿ ಲಂಡನ್ನಿನಲ್ಲಿ ತನ್ನ ಪ್ರಾಣವನ್ನು ತಾನೇ ತೆಗೆದುಕೊಂಡ. ಮೂವತ್ತೇಳು ವರ್ಷ. ತಾನು ಬಲವಂತ ಮಾಡಿಲ್ಲವೆಂದೂ ಸಲಿಂಗಿಯಾದ ತನಗೆ ನ್ಯಾಯ ಸಿಗುವ ನಂಬಿಕೆ ಇಲ್ಲವೆಂದೂ ಬರೆದಿಟ್ಟಿದ್ದ. ಆ ದೂರು ನ್ಯಾಯಾಲಯದ ಕಟ್ಟೆ ಹತ್ತಲೇ ಇಲ್ಲ. ಮೇಷ್ಟ್ರಗಿರಿ ಮಾಡುವವಳಾಗಿ ಆ ಹುಡುಗನ ದೂರನ್ನು ಸುಳ್ಳೆಂದು ತಳ್ಳಿಹಾಕಲು ನನಗೆ ಬಾಯಿ ಬರುವುದಿಲ್ಲ. ನಿಜವೆಂದು ತೀರ್ಪು ಕೊಡಲೂ ಆಧಾರವಿಲ್ಲ. ಫಶಾನುವನ್ನು ಸಂತನನ್ನಾಗಿ ಮಾಡದೆಯೂ, 1981ರಲ್ಲಿ ಆ ಕೋಣೆಯಲ್ಲಿ ನಡೆದದ್ದು ತಪ್ಪು ಎಂದು ಹೇಳಬಹುದು. ಅನ್ಯಾಯಕ್ಕೆ ಒಳಗಾದವನು ನಿರ್ದೋಷಿಯೂ ಆಗಿರಬೇಕು ಎಂದು ನಾವೇಕೆ ಹಟ ಹಿಡಿಯುತ್ತೇವೆ?

ಈ ಪ್ರಶ್ನೆ ಎರಡನೆಯ ಪುಸ್ತಕ ಓದುವಾಗ ನನ್ನನ್ನು ಇನ್ನಷ್ಟು ಕಾಡಿತು.

ಗ್ರೇಮ್ ಲೆ ಸೋ ಜರ್ಸಿ ದ್ವೀಪದವನು. ಇಂಗ್ಲೆಂಡಿಗಾಗಿ 36 ಪಂದ್ಯ ಆಡಿದವನು. ಈತ ಸಲಿಂಗಿ ಅಲ್ಲ. ಆದರೆ 'ಗಾರ್ಡಿಯನ್' ಪತ್ರಿಕೆ ಓದುತ್ತಿದ್ದ, ಕುಡಿತದ ಗುಂಪಿನಲ್ಲಿ ಬೆರೆಯುತ್ತಿರಲಿಲ್ಲ. 1991ರ ಬೇಸಿಗೆಯಲ್ಲಿ ತನ್ನದೇ ತಂಡದ ಕೆನ್ ಮಾಂಕೂ ಎಂಬ ಗೆಳೆಯನೊಂದಿಗೆ ಡೇರೆ ಕಟ್ಟಿಕೊಂಡು ಪ್ರವಾಸ ಹೋಗಿ ಬಂದ. ಅಷ್ಟು ಸಾಕಾಯಿತು. ಬಟ್ಟೆ ಬದಲಿಸುವ ಕೋಣೆಯಲ್ಲಿ ಹುಟ್ಟಿದ ಚೇಷ್ಟೆಯ ಮಾತು ಎದುರು ತಂಡಗಳಿಗೆ ಹಬ್ಬಿ, ಅಲ್ಲಿಂದ ಗ್ಯಾಲರಿಗೆ ಏರಿ, ಸಾವಿರಾರು ಜನ ಒಟ್ಟಿಗೆ ಹಾಡುವ ಹಾಡಾಯಿತು. ಮದುವೆಯಾಗಿ ಸಂಸಾರಸ್ಥನಾದ ಮೇಲೂ ನಿಲ್ಲಲಿಲ್ಲ. ನೋಡಿ, ಪತ್ರಿಕೆ ಓದುವ ಗಂಡಸಿನ ಮೇಲೆ ಈ ಗುಮಾನಿ! ರಂಗೋಲಿ ಎಳೆಯುವವನ ಮೇಲೆ ಬಾರದೆ ಇರುತ್ತದೆಯೇ?

1999ರ ಫೆಬ್ರವರಿ 27. ಚೆಲ್ಸಿ ಮತ್ತು ಲಿವರ್‌ಪೂಲ್ ನಡುವೆ ಪಂದ್ಯ. ಲೆ ಸೋ ಫ್ರೀ ಕಿಕ್ ಹೊಡೆಯಲು ಚೆಂಡಿಟ್ಟುಕೊಂಡು ನಿಂತಿದ್ದಾನೆ. ಎದುರು ತಂಡದ ರಾಬಿ ಫೌಲರ್, ಇಂಗ್ಲೆಂಡ್ ತಂಡದಲ್ಲಿ ಅವನ ಜೊತೆಗಾರನೇ, ತಿರುಗಿ ಬಗ್ಗಿ ನಿಂತು ತನ್ನ ಹಿಂಭಾಗವನ್ನು ಅವನತ್ತ ಒಡ್ಡುತ್ತಾನೆ. ಬರೆಯಲು ನನಗೆ ಸಂಕೋಚವಾಗುತ್ತದೆ. ಆದರೆ ನಮ್ಮಂಥವರ ಸಂಕೋಚದ ನೆರಳಲ್ಲೇ ಇವೆಲ್ಲ ಬೆಳೆಯುತ್ತವೆ, ಆದ್ದರಿಂದ ಬರೆದಿದ್ದೇನೆ. ಲೆ ಸೋ ಚೆಂಡು ಒದೆಯದೆ ನಿಂತ. ರೆಫರಿ ಏನಾದರೂ ಮಾಡಲೆಂದು ಕಾದ. ರೆಫರಿ ಬಂದು ಹಳದಿ ಚೀಟಿ ತೋರಿಸಿದ್ದು ಲೆ ಸೋಗೆ, ಕಾಲಹರಣ ಮಾಡಿದ್ದಕ್ಕಾಗಿ! ಸ್ವಲ್ಪ ಹೊತ್ತಿನ ಮೇಲೆ ಲೆ ಸೋ ಚೆಂಡಿಲ್ಲದ ಕಡೆ ಫೌಲರನ ತಲೆಯ ಹಿಂದಕ್ಕೆ ಮೊಣಕೈಯಿಂದ ಹೊಡೆದ.

ಈ ಪುಟಕ್ಕೆ ಬಂದಾಗ ನಾನು ಪುಸ್ತಕ ಮಡಿಸಿಟ್ಟೆ. ಅಡುಗೆಮನೆಗೆ ಹೋಗಿ ಒಲೆಯ ಮೇಲೆ ಏನೂ ಇಲ್ಲದಿದ್ದರೂ ನಿಂತುಕೊಂಡೆ. "ಅವನು ಅಂದದ್ದನ್ನೂ ಬರೀಲಾ ಮೇಡಂ?" ಎಂಬ ಆ ಮೆಲುದನಿ ಇಷ್ಟು ವರ್ಷಗಳ ಮೇಲೆ ಕಿವಿಗೆ ಬಿತ್ತು. ರೆಫರಿ ಏನು ಕಂಡಿದ್ದನೋ ಏನು ಕಂಡಿರಲಿಲ್ಲವೋ ಹೊರಗಿನ ನಾನು ಹೇಳಲಾರೆ. ನಾನು ಮಾತ್ರ ಎಲ್ಲವನ್ನೂ ಕೇಳಿಸಿಕೊಂಡಿದ್ದೆ. ಹೀಗಾಗಿ ಅವನಿಗಿಂತ ನನ್ನ ತಪ್ಪು ದೊಡ್ಡದು. ಮೊದಲ ಏಟು ನಾಲಗೆಯದು, ಅದಕ್ಕೆ ಗಾಯ ಕಾಣುವುದಿಲ್ಲ. ಎರಡನೆಯ ಏಟು ಕೈಯದು, ರಕ್ತ ಬರುತ್ತದೆ. ಸೀಟಿ ಹಿಡಿದವರು ರಕ್ತಕ್ಕಾಗಿ ಕಾಯುತ್ತೇವೆ.

ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಆಮೇಲೆ ವಿಚಾರಣೆ ಮಾಡಿತು. ಹೊಡೆದ ಲೆ ಸೋಗೆ ಒಂದು ಪಂದ್ಯದ ನಿಷೇಧ, 5,000 ಪೌಂಡು ದಂಡ. ಫೌಲರ್‌ಗೆ ಒಟ್ಟು ಆರು ಪಂದ್ಯದ ನಿಷೇಧ, 32,000 ಪೌಂಡು ದಂಡ. ಕಠಿಣವಾಗಿದೆಯಲ್ಲ ಎಂದುಕೊಳ್ಳುತ್ತೀರಿ. ಬಿಡಿಸಿ ನೋಡಿದರೆ ಆ ಆರರಲ್ಲಿ ಎರಡು ಪಂದ್ಯ ಮಾತ್ರ ಲೆ ಸೋಗೆ ಮಾಡಿದ ಅವಮಾನಕ್ಕೆ. ಉಳಿದ ನಾಲ್ಕು, ಏಪ್ರಿಲ್ ತಿಂಗಳ ಇನ್ನೊಂದು ಪಂದ್ಯದಲ್ಲಿ ಗೋಲು ಹೊಡೆದು ಮೈದಾನದ ಬಿಳಿ ಗೆರೆಯನ್ನು ಮಾದಕ ಪುಡಿಯಂತೆ ಮೂಸುವ ನಟನೆ ಮಾಡಿದ್ದಕ್ಕೆ. ಸುಣ್ಣದ ಗೆರೆಗೆ ನಾಲ್ಕು, ಮನುಷ್ಯನಿಗೆ ಎರಡು. ಯಾವುದು ಹೆಚ್ಚು ನಾಚಿಕೆಗೇಡು ಎಂದು ಸಂಸ್ಥೆ ತೂಗಿದ ತಕ್ಕಡಿ ಇದು.

ಸಾಹಿತ್ಯದ ದೃಷ್ಟಿಯಿಂದ ಲೆ ಸೋನ ಪುಸ್ತಕ ಕ್ಲಫ್‌ನದಕ್ಕಿಂತ ಪ್ರಾಮಾಣಿಕವಾದದ್ದು. ತನಗೆ ನೋವಾಯಿತು ಎಂದು ಒಬ್ಬ ಫುಟ್‌ಬಾಲಿನ ಗಂಡಸು ಒಪ್ಪಿಕೊಳ್ಳುವುದೇ ದೊಡ್ಡದು. ಹೊಡೆದದ್ದನ್ನೂ ಅವನು ಮುಚ್ಚಿಡುವುದಿಲ್ಲ. ಆದರೂ ಓದಿ ಮುಗಿಸಿದ ಮೇಲೆ ಮನಸ್ಸಿನಲ್ಲಿ ಒಂದು ಮುಳ್ಳು ಉಳಿಯಿತು. ಅದು ಲೆ ಸೋನ ದೋಷವಲ್ಲ, ಓದುಗಳಾದ ನನ್ನದು. ಅವನ ಕಥೆಗೆ ನನ್ನ ಕಣ್ಣು ಬೇಗ ಒದ್ದೆಯಾಯಿತು, ಫಶಾನುವಿನ ಕಥೆಗೆ ಅಷ್ಟು ಬೇಗ ಆಗಿರಲಿಲ್ಲ. ಏಕೆ? 'ಪಾಪ, ಅವನು ಹಾಗಲ್ಲವಲ್ಲ, ಸುಮ್ಮಸುಮ್ಮನೆ ಅಂದರಲ್ಲ' ಎಂಬ ಸಮಾಧಾನ ಆ ಕಣ್ಣೀರಿನಲ್ಲಿ ಬೆರೆತಿತ್ತು. ಸುಳ್ಳು ಆಪಾದನೆಗೆ ಒಳಗಾದವನೆಂದು ಅವನ ಮೇಲೆ ಕನಿಕರ. ಅಂದರೆ ಅದು ಆಪಾದನೆ ಎಂದು ನಾನೂ ಒಪ್ಪಿದಂತಾಯಿತು! ಅವನು ನಿಜವಾಗಿ ಸಲಿಂಗಿಯಾಗಿದ್ದರೆ ಫೌಲರನ ಸನ್ನೆ ನ್ಯಾಯವಾಗುತ್ತಿತ್ತೇ? ಇಂಥ ಪುಸ್ತಕಗಳನ್ನು ಮೆಚ್ಚುವ ನಮ್ಮಂಥ ಸಭ್ಯ ಓದುಗರು ಈ ಪ್ರಶ್ನೆಗೆ ಉತ್ತರ ಕೊಡದೆ ಜಾಣತನದಿಂದ ಪುಟ ತಿರುವುತ್ತೇವೆ. ಗ್ಯಾಲರಿಯಲ್ಲಿ ಹಾಡುವವನಿಗೂ ನಮಗೂ ನಡುವೆ ಇರುವ ಗೋಡೆ ನಾವಂದುಕೊಂಡಷ್ಟು ದಪ್ಪವಿಲ್ಲ.

ಈ ಅವಮಾನದ ಬೇರು ಎಲ್ಲಿದೆ ಎಂದು ಹುಡುಕಿದರೆ ಅದು ನಮ್ಮ ಮಾತಿನಲ್ಲೂ ಸಿಗುತ್ತದೆ. 'ಕೈಗೆ ಬಳೆ ತೊಟ್ಟುಕೊಂಡಿದ್ದೀರಾ' ಎಂದು ರಾಜಕಾರಣಿಗಳು ಗುಡುಗುತ್ತಾರೆ. ಸಿನಿಮಾ ನಾಯಕರೂ ಅನ್ನುತ್ತಾರೆ. ಅಷ್ಟೇಕೆ, ಮನೆಯಲ್ಲಿ ಬಳೆ ತೊಟ್ಟ ಹೆಂಗಸರೇ ಗಂಡುಮಕ್ಕಳಿಗೆ ಅನ್ನುತ್ತಾರೆ. ಅಂದು ಆ ಹುಡುಗನಿಗೆ ಬಳೆಯ ಮಾತು ಅಂದಾಗ ಸೀಟಿ ಹಿಡಿದ ನನ್ನ ಕೈಯಲ್ಲಿ ಡಜನ್ ಗಾಜಿನ ಬಳೆಗಳಿದ್ದವು. ಅಂದವನಿಗೆ ಅದು ಕಾಣಲಿಲ್ಲ, ತೊಟ್ಟ ನನಗೂ ಹೊಳೆಯಲಿಲ್ಲ. ಹೆಣ್ಣಾಗಿರುವುದು ಕೀಳು ಎಂಬ ನಂಬಿಕೆ ಮೊದಲು ಇದ್ದರೆ ತಾನೇ ಗಂಡಸಿಗೆ ಅದು ಬೈಗುಳವಾಗುವುದು?

ಹೆಣ್ಣುಮಕ್ಕಳ ಫುಟ್‌ಬಾಲ್ ಈ ಮಾತಿಗೆ ಇನ್ನೊಂದು ಸಾಕ್ಷಿ. ಇಂಗ್ಲೆಂಡಿನ ಸಂಸ್ಥೆ 1921ರಿಂದ ಸುಮಾರು ಐವತ್ತು ವರ್ಷ ಹೆಂಗಸರಿಗೆ ತನ್ನ ಮೈದಾನಗಳನ್ನೇ ಕೊಡಲಿಲ್ಲ. ಹಾಗೆ ಹೊರಗಿಟ್ಟ ಆಟದಲ್ಲಿ ಇಂದು ತಮ್ಮ ಸಂಗಾತಿ ಹೆಣ್ಣೆಂದು ಹೇಳಿಕೊಂಡು ಆಡುವ ಆಟಗಾರ್ತಿಯರು ಬಹಳ ಮಂದಿ ಇದ್ದಾರೆ. 2019ರ ವಿಶ್ವಕಪ್ ಗೆದ್ದ ಅಮೆರಿಕ ತಂಡದ ಮೆಗನ್ ರಪಿನೋ ಆ ವಿಷಯವನ್ನು 2012ರಲ್ಲೇ ಹೇಳಿದ್ದವಳು. ಆ ವಿಶ್ವಕಪ್ಪಿನಲ್ಲಿ ಅತ್ಯುತ್ತಮ ಆಟಗಾರ್ತಿಯ ಪ್ರಶಸ್ತಿಯೂ ಅವಳಿಗೇ ಬಂತು. ಚೆಂಡು ಒದೆಯಲು ಹೊರಟಾಗಲೇ 'ಹೆಣ್ಣೇ ಅಲ್ಲ' ಎಂಬ ಬೈಗುಳವನ್ನು ಒಮ್ಮೆ ದಾಟಿ ಬಂದವರಿಗೆ ಎರಡನೆಯ ಬೈಗುಳದ ಅಂಜಿಕೆ ಕಡಿಮೆಯೋ ಏನೋ. ಕಳೆದುಕೊಳ್ಳಲು ಗಂಡಸುತನದ ಕಿರೀಟವೊಂದು ಅವರ ತಲೆಯ ಮೇಲಿರಲಿಲ್ಲ.

ಕಾನೂನಿನ ಮಾತನ್ನೂ ಇಲ್ಲಿ ಹೇಳಬೇಕು. ನಮ್ಮ ದಂಡಸಂಹಿತೆಗೆ 1860ರಲ್ಲಿ 377ನೆಯ ಕಲಮನ್ನು ಸೇರಿಸಿದವರು ಇಂಗ್ಲಿಷರೇ. ಇಂಗ್ಲೆಂಡಿನಲ್ಲಿ 1967ರಲ್ಲಿ ಇಂಥ ಕಾನೂನು ಸಡಿಲವಾಯಿತು. ನಮ್ಮಲ್ಲಿ ವಯಸ್ಕರ ಒಪ್ಪಿಗೆಯ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟು ಹೇಳಿದ್ದು 2018ರ ಸೆಪ್ಟೆಂಬರ್ 6ರಂದು. 1988ರಲ್ಲಿ ಇಂಗ್ಲೆಂಡಿನ ಸರಕಾರ ಇನ್ನೊಂದು ಕಲಮು ತಂದು, ಸ್ಥಳೀಯ ಆಡಳಿತಗಳು ಸಲಿಂಗ ಸಂಬಂಧಕ್ಕೆ ಪ್ರೋತ್ಸಾಹ ಕೊಡಕೂಡದೆಂದಿತು. ಅದರ ಭಯದಿಂದ ಅಲ್ಲಿನ ಶಾಲಾ ಶಿಕ್ಷಕರು ಮಕ್ಕಳು ಬೈಸಿಕೊಳ್ಳುವುದನ್ನು ಕಂಡರೂ ಆ ವಿಷಯ ಎತ್ತಲು ಹಿಂಜರಿದರು. ಅದು ರದ್ದಾದದ್ದು 2003ರಲ್ಲಿ, ನಾನು ಸೀಟಿ ಊದಿದ ವರ್ಷ. ಅವರ ಬಾಯಿ ಕಟ್ಟಲು ಕಾನೂನಾದರೂ ಇತ್ತು. "ಅದೆಲ್ಲ ಬೇಡ" ಎನ್ನಲು ನನಗೆ ಯಾವ ಕಾನೂನೂ ಬೇಕಾಗಿರಲಿಲ್ಲ.

ಈಚೆಗೆ ಫುಟ್‌ಬಾಲಿನವರು ಇದಕ್ಕೆ ಪರಿಹಾರಗಳನ್ನು ಹುಡುಕಿದ್ದಾರೆ. 2013ರಿಂದ ಇಂಗ್ಲೆಂಡಿನ ಆಟಗಾರರು ಕೆಲವು ಪಂದ್ಯಗಳಲ್ಲಿ ಕಾಮನಬಿಲ್ಲಿನ ಬಣ್ಣದ ಬೂಟುದಾರ ಕಟ್ಟಿ ಆಡಿದರು. 2022ರ ಕತಾರ್ ವಿಶ್ವಕಪ್ಪಿನಲ್ಲಿ ಯುರೋಪಿನ ಏಳು ತಂಡಗಳ ನಾಯಕರು ಬಣ್ಣದ ತೋಳುಪಟ್ಟಿ ಕಟ್ಟುತ್ತೇವೆಂದು ಹೊರಟರು. ಕಟ್ಟಿದರೆ ಹಳದಿ ಚೀಟಿ ಎಂದು ಫಿಫಾ ಸೂಚನೆ ಕೊಟ್ಟಾಗ ಬಿಚ್ಚಿಟ್ಟರು. ಜರ್ಮನಿಯ ಆಟಗಾರರು ಜಪಾನ್ ಪಂದ್ಯಕ್ಕೆ ಮುಂಚೆ ಬಾಯಿಗೆ ಕೈ ಅಡ್ಡ ಹಿಡಿದು ಫೋಟೋಕ್ಕೆ ನಿಂತರು. ಅವರ ಸದುದ್ದೇಶವನ್ನು ನಾನು ಅನುಮಾನಿಸುವುದಿಲ್ಲ. ಆದರೆ ಒಂದು ಹಳದಿ ಚೀಟಿಗೆ ಬೆದರಿದ ಧೈರ್ಯವನ್ನು ನಂಬಿಕೊಂಡು ಯಾವ ಹುಡುಗ ಬಾಯಿ ಬಿಟ್ಟಾನು? 1999ರಲ್ಲಿ ಅವಮಾನಕ್ಕೆ ಒಳಗಾದವನಿಗೆ ಚೀಟಿ, 2022ರಲ್ಲಿ ಅವಮಾನ ಬೇಡ ಎಂದವರಿಗೆ ಚೀಟಿಯ ಬೆದರಿಕೆ. ಚೀಟಿ ಮಾತ್ರ ಪ್ರತಿ ಸಲವೂ ತಪ್ಪು ಕೈಗೇ ಹೋಗುತ್ತದೆ.

ನನಗೆ ಹೆಚ್ಚು ಭರವಸೆ ಕೊಟ್ಟದ್ದು ಬಣ್ಣದ ಪಟ್ಟಿಯಲ್ಲ, ಬ್ಲ್ಯಾಕ್‌ಪೂಲ್ ಎಂಬ ಸಮುದ್ರತೀರದ ಊರಿನ ಕ್ಲಬ್ಬಿನಲ್ಲಿ ನಡೆದ ಸಣ್ಣ ಸಂಗತಿ. 2022ರ ಮೇ 16ರಂದು ಅಲ್ಲಿನ ಜೇಕ್ ಡೇನಿಯಲ್ಸ್ ಎಂಬ ಹದಿನೇಳು ವರ್ಷದ ಆಟಗಾರ ತಾನು ಸಲಿಂಗಿ ಎಂದು ಹೇಳಿದ. ಬ್ರಿಟನ್ನಿನ ಗಂಡಸರ ವೃತ್ತಿಪರ ಫುಟ್‌ಬಾಲಿನಲ್ಲಿ ಫಶಾನುವಿನ ನಂತರ, ಮೂವತ್ತೆರಡು ವರ್ಷಗಳ ಮೇಲೆ, ಆಡುತ್ತಿರುವಾಗಲೇ ಹೀಗೆ ಹೇಳಿದ ಮೊದಲಿಗ ಅವನು. ಮೊದಲು ತಾಯಿಗೂ ಅಕ್ಕನಿಗೂ ಹೇಳಿಕೊಂಡನಂತೆ. ಮರುದಿನದ ಕಿರಿಯರ ಪಂದ್ಯದಲ್ಲಿ ನಾಲ್ಕು ಗೋಲು ಹೊಡೆದನಂತೆ. ಜೊತೆಗಾರರಿಗೆ ತಿಳಿದಾಗ, ಮೊದಲೇ ಏಕೆ ಹೇಳಲಿಲ್ಲ ಎಂದಷ್ಟೇ ಕೇಳಿದರಂತೆ. ಕೋಣೆ ಅದೇ, ವಯಸ್ಸೂ ಹೆಚ್ಚುಕಡಿಮೆ ಅದೇ. ಪ್ರಶ್ನೆ ಮಾತ್ರ ಬೇರೆ. ಕ್ಲಫ್‌ನ ಮೂರು ಪ್ರಶ್ನೆಗಳ ಪಕ್ಕದಲ್ಲಿ ಈ ಒಂದು ಪ್ರಶ್ನೆಯನ್ನಿಟ್ಟು ನೋಡಿ. ಫಶಾನು 32 ಪಂದ್ಯಗಳಲ್ಲಿ ಹೊಡೆದದ್ದಕ್ಕಿಂತ ಒಂದು ಗೋಲನ್ನು ಈ ಹುಡುಗ ಒಂದೇ ದಿನ ಹೆಚ್ಚು ಹೊಡೆದ. ಕಿರಿಯರ ಪಂದ್ಯಕ್ಕೂ ದೊಡ್ಡ ಲೀಗಿಗೂ ಹೋಲಿಕೆ ಸಲ್ಲದೆಂದು ಬಲ್ಲವರು ಹೇಳುತ್ತಾರೆ, ಒಪ್ಪುತ್ತೇನೆ. ಆದರೆ ಎದೆಯ ಮೇಲೆ ಕಲ್ಲು ಹೊತ್ತವನ ಓಟವೂ ಇಳಿಸಿದವನ ಓಟವೂ ಒಂದೇ ಅಲ್ಲ ಎಂದು ತಿಳಿಯಲು ಆಟ ಗೊತ್ತಿರಬೇಕಾಗಿಲ್ಲ.

ಸಲಿಂಗಿ ಆಟಗಾರರು ಏಕೆ ಮುಂದೆ ಬರುವುದಿಲ್ಲ ಎಂದು ಪತ್ರಿಕೆಗಳು ಮತ್ತೆ ಮತ್ತೆ ಕೇಳುತ್ತವೆ. ಅದು ತಪ್ಪು ವಿಳಾಸಕ್ಕೆ ಬರೆದ ಪತ್ರ. ಅವನು ಮುಂದೆ ಬರಲಿ, ಆಮೇಲೆ ನಾವು ಒಳ್ಳೆಯವರಾಗುತ್ತೇವೆ ಎಂದರೆ ಹೇಗೆ? ಬರುವವರು ಬರಲಿ, ಬರದವರು ಇರಲಿ, ಅದು ಅವರ ಬದುಕು. ಕೇಳಬೇಕಾದದ್ದು ಕೇಳಿಸಿಕೊಂಡೂ ಸುಮ್ಮನಿರುವವರನ್ನು. ರಂಗೋಲಿ ಎಳೆಯುತ್ತಿದ್ದ ಆ ಹುಡುಗ ಸಲಿಂಗಿಯೋ ಅಲ್ಲವೋ ನನಗೆ ಗೊತ್ತಿಲ್ಲ. ಗೊತ್ತಾಗಬೇಕಾದ ಅಗತ್ಯವೂ ಇಲ್ಲ. ಅವನೊಬ್ಬ ಒಳ್ಳೆಯ ಗೋಲ್‌ಕೀಪರ್. ಅವನನ್ನು ಮೈದಾನದಿಂದ ಹೊರಗೆ ಕಳಿಸಿದ್ದು ನಾನು.

ಈ ವರ್ಷ ಒಂಬತ್ತನೆಯ ತರಗತಿಯಲ್ಲಿ ಸಮಾನತೆಯ ಪಾಠ ಮಾಡುವಾಗ ಲೆ ಸೋನ ಕಥೆ ಹೇಳಿದೆ. ಸನ್ನೆಯನ್ನು ಮಾಡಿ ತೋರಿಸಲಿಲ್ಲ, ಹೊಲಸು ಸನ್ನೆ ಎಂದಷ್ಟೇ ಹೇಳಿದೆ. ಹುಡುಗನೊಬ್ಬ ಎದ್ದು ನಿಂತು, "ಮೇಡಂ, ಅವರು ನಿಜವಾಗ್ಲೂ ಹಾಗಿರಲಿಲ್ವಾ?" ಎಂದ. ಎಲ್ಲರೂ ಮೊದಲು ಕೇಳುವ ಪ್ರಶ್ನೆ ಅದೇ. ನಾನೂ ಕೇಳಿದ್ದು ಅದೇ. "ಇದ್ದಿದ್ದರೆ?" ಎಂದೆ. ಅವನು ತಲೆ ಕೆರೆದುಕೊಂಡು ಕುಳಿತ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೂತಲ್ಲಿಂದಲೇ, "ರೆಫರಿಗೆ ಕಾಣಿಸಿತ್ತಾ ಮೇಡಂ?" ಎಂದಳು. ತಕ್ಷಣ ಉತ್ತರ ಹೇಳಲಾಗಲಿಲ್ಲ. ಸ್ವಲ್ಪ ತಡೆದು, ಇಪ್ಪತ್ತು ವರ್ಷದ ಹಿಂದೆ ನಮ್ಮದೇ ಮೈದಾನದಲ್ಲಿ ಒಬ್ಬ ರೆಫರಿ ಇದ್ದಳು, ಅವಳಿಗೆ ಎಲ್ಲ ಕೇಳಿಸಿತ್ತು ಎಂದು ಹೇಳಿದೆ. ಅವಳು ಯಾರೆಂದು ಅವರು ಕೇಳಲಿಲ್ಲ. ಮಕ್ಕಳು ಜಾಣರು.

ಈಗಲೂ ಸಂಜೆ ಹೊತ್ತು ಮೈದಾನದ ಅಂಚಿನಲ್ಲಿ ಒಂದು ಸುತ್ತು ಹಾಕುತ್ತೇನೆ. ಪರ್ಸಿನಲ್ಲಿ ಸೀಟಿ ಇರುತ್ತದೆ. ಆ ಮಾತು ಕಿವಿಗೆ ಬಿದ್ದರೆ ಊದುತ್ತೇನೆ. ಹೊಸದಾಗಿ ಬಂದಿರುವ ಪಿ.ಟಿ. ಮೇಷ್ಟ್ರು ಒಳ್ಳೆಯವರು, ಆದರೂ ಮೊನ್ನೆ ಬೇಸರದಿಂದ, "ಮೇಡಂ, ನೀವು ಹೀಗೆ ಮಾತು ಮಾತಿಗೂ ಊದಿದರೆ ಆಟ ನಿಂತು ಹೋಗುತ್ತದೆ" ಎಂದರು. "ಸ್ವಲ್ಪ ಹೊತ್ತು ನಿಲ್ಲಲಿ ಸರ್" ಎಂದೆ.